ಬೂತಾಯಿಗೆ ಹಲ್ಲಿಲ್ಲ

ಬಲೆ ಎಳೆಯುವಾಗ ಮಗ ಬೋಟಿನಿಂದ ಕಡಲಿಗೆ ಬಿದ್ದು ನಾಲ್ಕು ತಿಂಗಳಾಗಿತ್ತು. ಹೆಣ ಸಿಕ್ಕಿರಲಿಲ್ಲ. ಅವತ್ತಿನಿಂದ ಸೀತು ಮರಕಾಲ್ತಿ ಮೀನು ಬಾಯಿಗೆ ಹಾಕಿರಲಿಲ್ಲ. ಯಾವ ಮೀನಿನ ಹೊಟ್ಟೆಯೊಳಗೆ ಏನಿದೆಯೋ ಯಾರಿಗೆ ಗೊತ್ತು? ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡಿ ಒಣಗಿ ಕಡ್ಡಿಯಾಗಿದ್ದಳು.

ಅದೇ ಬೋಟಿನಲ್ಲಿ ಮಗನ ಪಕ್ಕ ನಿಂತು ಬಲೆ ಎಳೆಯುತ್ತಿದ್ದ ಶೀನ ಆ ಬೆಳಿಗ್ಗೆ ಒಂದು ಬುಟ್ಟಿ ಬೂತಾಯಿ ಮೀನು ತಂದು ಅವಳ ಮುಂದಿಟ್ಟ.

“ಬೂತಾಯಿ ಮನುಷ್ಯರನ್ನು ಮುಟ್ಟುದಿಲ್ಲ ಅಮ್ಮಾ. ಕಚ್ಚಲಿಕ್ಕೆ ಅದಕ್ಕೆ ಹಲ್ಲೆಲ್ಲಿ ಉಂಟು? ಬಾಯಿ ತೆರೆದುಕೊಂಡು ಹಿಂಡುಹಿಂಡಾಗಿ ಹೋಗ್ತದೆ, ನೀರಿನ ಪಾಚಿ ಸೋಸಿ ತಿಂತದೆ, ಅಷ್ಟೇ. ಬೇಕಾದರೆ ಸೀಳಿ ನೋಡಿ.”

ಅವಳು ಕತ್ತಿ ಹಿಡಿದು ಒಂದರ ಹೊಟ್ಟೆ ಸೀಳಿದಳು. ಒಳಗೆ ಹಸಿರು ಲೋಳೆ. ಇನ್ನೊಂದನ್ನು ಸೀಳಿದಳು, ಮತ್ತೊಂದನ್ನು ಸೀಳಿದಳು. ಬುಟ್ಟಿ ಖಾಲಿಯಾಗುವವರೆಗೂ ಬಿಡಲಿಲ್ಲ. ಎಲ್ಲದರಲ್ಲೂ ಅದೇ ಹಸಿರು.

“ನೀನು ಹೇಳಿದ್ದು ಸರಿ ಮಗಾ” ಎಂದು ಮೆಣಸು, ಹುಳಿ ಅರೆದು ಸಾರು ಕುದಿಸಿದಳು. ಬಿಸಿ ಅನ್ನದ ಮೇಲೆ ಎರಡು ಮೀನಿಟ್ಟು, ಮೊದಲು ಅವನಿಗೇ ಬಡಿಸಿದಳು.

ಶೀನ ಅನ್ನ ಕಲಸಿದ. ಕಲಸುತ್ತಲೇ ಇದ್ದ. ಕೈ ಬಾಯಿವರೆಗೆ ಏರಲಿಲ್ಲ.

“ಇವತ್ತು ಸೋಮವಾರ ಅಲ್ವಾ ಅಮ್ಮಾ, ನನಗೆ ನೆನಪೇ ಇರಲಿಲ್ಲ. ಸೋಮವಾರ ನಾನು ಮೀನು ತಿನ್ನುದಿಲ್ಲ.”

ಸೀತು ಅವನ ಬಟ್ಟಲನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

“ಗೊತ್ತುಂಟು ಮಗಾ. ನಾಲ್ಕು ತಿಂಗಳಿಂದ ನಿನಗೆ ದಿನಾ ಸೋಮವಾರವೇ ಅಂತೆ, ನಿನ್ನ ಹೆಂಡತಿ ಹೇಳಿದಳು.”