ಇಳಿಯದೆ ಉಳಿದ ಮನೆ

ವಾಯುನೆಲೆಯ ಸುತ್ತಲಿನ ಊರುಗಳಲ್ಲಿ ಸೈರನ್ ಕೂಗಿದರೆ ಮನೆಗಳು ನೆಲದೊಳಕ್ಕೆ ಇಳಿಯಬೇಕು. ವಿಮಾನ ಬಂದು ನಿಂತ ಮೇಲೆಯೇ ಮತ್ತೆ ಏಳಬೇಕು. ಆ ಮಧ್ಯಾಹ್ನ ಎಲ್ಲರ ಮನೆ ಇಳಿದರೂ ನೀಲಗಂಗವ್ವನ ಮನೆ ಇಳಿಯಲಿಲ್ಲ. ಒಳಗೆ ಸೊಸೆ ಶಿವಲೀಲಾ ಹೆರಿಗೆ ನೋವಿನಲ್ಲಿ ನರಳುತ್ತಿದ್ದಳು. ಸೂಲಗಿತ್ತಿ ಹಲೀಮಾಬಿ ಇನ್ನೂ ದಾರಿಯಲ್ಲಿದ್ದಳು. ನೀಲಗಂಗವ್ವ ಬಾಗಿಲಿಗೂ ಮಂಚಕ್ಕೂ ಅಡ್ಡಾಡುತ್ತಿದ್ದಳು.

ನೆಲೆಯಿಂದ ಅಧಿಕಾರಿಯ ಫೋನ್ ಬಂತು. “ಅಮ್ಮಾ, ನಿಮ್ಮ ಮನೆ ಒಂದೇ ಅಡ್ಡ ಇದೆ. ಬೇಗ ಇಳಿಸಿ.”

“ಸೊಸಿ ಹಡೀಲಿಕ್ಕತ್ತಾಳ್ರಿ ಸಾಹೇಬ್ರ. ಸೂಲಗಿತ್ತಿ ಬರೂತನಕ ತಡೀರಿ.”

“ವಿಮಾನದಲ್ಲಿ ಇಂಧನ ಮುಗೀತಾ ಬಂದಿದೆ. ಒಳಗೆ ನಮ್ಮ ಹುಡುಗ ಇದ್ದಾನಮ್ಮಾ.”

ನೀಲಗಂಗವ್ವ ಸೊಸೆಯತ್ತ ನೋಡಿದಳು.

“ಇಳಸ್ರಿ ಅತ್ತಿ,” ಎಂದಳು ಶಿವಲೀಲಾ ಹಲ್ಲು ಕಚ್ಚಿ. “ನೀವದೀರಲ್ಲ.”

ನೀಲಗಂಗವ್ವ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿಕೊಂಡು ಮನೆ ಕೆಳಗಿಳಿಯಿತು. ಎಂದೂ ಹೆರಿಗೆ ಮಾಡಿಸದ ಅವಳು ಸೆರಗು ಸಿಕ್ಕಿಸಿಕೊಂಡು ಸೊಸೆಯ ಕಾಲ ಬಳಿ ಕೂತಳು. ಅವಳ ಕೈಗೆ ಮಗು ಬಂದ ಹೊತ್ತಿಗೇ ತಲೆಯ ಮೇಲೆ ವಿಮಾನ ಗುಡುಗಿತು. ಮಗುವಿನ ಬಾಯಿ ತೆರೆದಿತ್ತು. ಅಳುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಶಿವಲೀಲಾ ಏನೋ ಕೇಳಿದಳು, ಅದೂ ಕೇಳಿಸಲಿಲ್ಲ. ನೀಲಗಂಗವ್ವ ಮಗುವನ್ನು ಎದೆಗವಚಿಕೊಂಡು ಅದರ ಬೆನ್ನು ತಿಕ್ಕುತ್ತಲೇ ಇದ್ದಳು.

ಸದ್ದು ದೂರ ಸರಿದು ರನ್‌ವೇಯ ಆ ತುದಿಯಲ್ಲಿ ನಿಂತಿತು. ಆಗ ಮನೆ ತುಂಬ ಮಗುವಿನ ಅಳು ಕೇಳಿಸಿತು.