ಹಾಲಮ್ಮನ ಗ್ರೂಪು

"ಭಾವ, ಅಕ್ಕಂಗೆ ನನ್ನ ರಕ್ತ ಕೊಡ್ತೀನಿ," ಎಂದು ಜಟ್ಟಿಂಗಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅಂಗಿಯ ತೋಳು ಮಡಚಿದ. ಹೂವಪ್ಪ ಆ ಕೈಯನ್ನು ತಳ್ಳಿದ. "ನಿನ್ನ ಗ್ರೂಪು ಬೇರೆ ಕಣೋ. ಮನೆಗೆ ನಡಿ."

ಹೆರಿಗೆಯಾದ ಮೇಲೆ ಹಾಲಮ್ಮನಿಗೆ ರಕ್ತಸ್ರಾವ ನಿಂತಿರಲಿಲ್ಲ. "ನಿಮಗೇ ರಕ್ತ ಕಡಿಮೆ, ನೀವು ಕೊಡೋ ಹಾಗಿಲ್ಲ. ಹಾಲಮ್ಮನ ಗ್ರೂಪಿನವರನ್ನ ಬೇಗ ಕರ್ಕೊಂಡು ಬನ್ನಿ," ಎಂದಿದ್ದಳು ನರ್ಸು. ಹೂವಪ್ಪನಿಗೆ ಗೊತ್ತಿದ್ದದ್ದು ಊರಿನ ಎರಡು ಗ್ರೂಪುಗಳು ಮಾತ್ರ. ಗೇಣಿಯ ಜಗಳದಲ್ಲಿ ಅವನು ಗೇಣಿದಾರರ ಜೊತೆ ನಿಂತಿದ್ದ, ಹೆಂಡತಿಯ ತಮ್ಮ ಒಡೆಯರ ಕಡೆ ಸೇರಿದ್ದ. ಕೈಹಿಡಿದು ಬಂದ ಮೇಲೆ ಹಾಲಮ್ಮ ತನ್ನ ಗ್ರೂಪಿನವಳೇ ಅಲ್ಲವೇ?

ರಿಪ್ಪನ್‌ಪೇಟೆಯ ಬಸ್ಸು ಹತ್ತಿ ಊರಿಗೆ ಹೋಗಿ, ತನ್ನ ಕಡೆಯ ಆರು ಜನರನ್ನು ಕರೆತರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಹಾಲಮ್ಮನ ಮುಖಕ್ಕೆ ಬಟ್ಟೆ ಹೊದಿಸಿದ್ದರು.

"ಎಲ್ಲರೂ ಊರಲ್ಲಿ ನಮ್ಮ ಗ್ರೂಪಿನವರೇ, ಅಮ್ಮಾ," ಎಂದ ಹೂವಪ್ಪ, ತೊದಲುತ್ತಾ.

ನರ್ಸು ಅವನನ್ನೇ ನೋಡಿದಳು. "ಗ್ರೂಪು ಅಂದ್ರೆ ಊರಿನದ್ದಲ್ಲಪ್ಪಾ, ರಕ್ತದ್ದು. ಹುಟ್ಟಿನಿಂದ ಬರೋದು. ಒಡಹುಟ್ಟಿದವರದ್ದು ಎಷ್ಟೋ ಸಲ ಹೊಂದುತ್ತೆ. ಇವರಿಗೆ ಅಣ್ಣ ತಮ್ಮ ಯಾರೂ ಇರ್ಲಿಲ್ವಾ?"

"ಯಾರೂ ಇಲ್ಲ," ಎಂದ ಹೂವಪ್ಪ.

ಜೊತೆಗೆ ಬಂದಿದ್ದ ಆರೂ ಜನ ತಲೆ ತಗ್ಗಿಸಿದರು.