ನಾಲ್ಕು ಕೆ.ಜಿ. ಗುಂಡು

"ಇನ್ನೂ ಎಷ್ಟು ಕಾಯಿಸಿದ್ರೆ ಕರಗ್ತೀಯಾ?"

ಹಿತ್ತಲ ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಕೇಳಿದ್ದು ಯಾರನ್ನೂ ಅಲ್ಲ. ಸ್ಟೌವಿನ ಮೇಲಿನ ಬಾಣಲೆಯಲ್ಲಿ ಮೊಂಡು ಹಿಡಿದು ಕೂತ ಸೀಸದ ತುಂಡುಗಳಿಗೆ ಕೇಳಿಸಿದರೆ ಕೇಳಿಸಲಿ ಎಂದು.

ಹೆಂಡತಿ ಅಡುಗೆಮನೆಯಿಂದ ಗಡೀಪಾರು ಮಾಡಿದ ಬಾಣಲೆ. ಗುಜರಿಯಲ್ಲಿ ಸಿಕ್ಕ ಸೌಟು. ಹಳೇ ಪೈಪುಗಳಿಂದ ಕಿತ್ತ ಸೀಸ. ಅಚ್ಚು ಮಾತ್ರ ಅವನ ಸ್ವಂತ ಬುದ್ಧಿ: ಎರಡು ಅಲ್ಯೂಮಿನಿಯಂ ತುಂಡುಗಳನ್ನು ಬಾಗಿಲಿನ ಕೀಲಿನಿಂದ ಜೋಡಿಸಿ, ನಡುವೆ ಕುಳಿ ಕೊರೆದಿದ್ದ. ಕುಳಿಯ ಅಳತೆಗೆ ತನ್ನ ಕಿರುಬೆರಳನ್ನೇ ನಂಬಿದ್ದ. ಜನ್ಮವಿಡೀ ನಲ್ಲಿ ರಿಪೇರಿ ಮಾಡಿದವನಿಗೆ ಅಳತೆಯ ಪಾಠ ಯಾರು ಹೇಳಬೇಕು? ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನ್ನುತ್ತಿತ್ತು, ಸುಟ್ಟುಹೋದ ಎಡಹುಬ್ಬು. ಮೊದಲ ದಿನವೇ ಹಣೆಯ ಬೆವರು ಕಾದ ಸೀಸಕ್ಕೆ ಬಿದ್ದು ಸಿಡಿದಿತ್ತು. ಅಂದಿನಿಂದ ತಲೆಗೆ ಟವೆಲು, ಕಣ್ಣಿಗೆ ಕನ್ನಡಕ, ಬಾಯಲ್ಲಿ ದೇವರ ನಾಮ. ಭಕ್ತಿ ಇಷ್ಟು ಬೇಗ ಬೇರೆ ಯಾವ ದಾರಿಯಲ್ಲೂ ಅವನಿಗೆ ಬಂದಿರಲಿಲ್ಲ.

ಗೋಡೆಯಾಚೆಯಿಂದ ಪಕ್ಕದ ಮನೆಯ ದರ್ಜಿಯ ತಲೆ ಮೇಲೆದ್ದಿತು.

"ಯಾರ ಮೇಲಪ್ಪಾ ದಂಡು ಹೊರಟಿರೋದು?"

"ನಲ್ಲಿಗೆ ವಾಷರ್ ಮಾಡ್ತಿದ್ದೀನಿ."

"ವಾಷರ್‌ಗೆ ಮೂತಿ ಯಾವಾಗಿಂದ ಬಂತು?"

ತಲೆ ಮುಳುಗಿತು. ಆದರೆ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾಗಲಿಲ್ಲ.

ಹೇಳಿಕೊಳ್ಳುವ ಹಾಗಿರಲಿಲ್ಲ. ಇದು ಅಪ್ಪ ಮಗಳ ನಡುವಿನ ವಿಷಯ. ಹೋದ ರಜೆಯಲ್ಲಿ ಮಗಳು ಹಾಸ್ಟೆಲ್ಲಿನಿಂದ ಬಂದವಳೇ ಕಾಲೇಜಿನ ಗುಂಡಿನ ಟೀಮಿಗೆ ಸೇರಿದ್ದೇನೆ ಎಂದು ಹಿಗ್ಗಿ ಹೇಳಿದಾಗ, ಇವನು "ಗುಂಡು ಹಿಡಿದು ಯಾರನ್ನ ಕೊಲ್ತೀಯೇ?" ಎಂದು ಬಿದ್ದು ಬಿದ್ದು ನಕ್ಕಿದ್ದ. ಅವಳು ಊಟದ ತಟ್ಟೆ ಬಿಟ್ಟು ಎದ್ದಿದ್ದಳು. ಆಮೇಲೆ ಏನಿದ್ದರೂ ತಾಯಿಯ ಮೂಲಕ: "ನಿನ್ನ ಯಜಮಾನರಿಗೆ ಹೇಳು." ಎದುರಿಗೇ ಕೂತಿದ್ದರೂ ಅಷ್ಟೇ. ಮಗಳ ಬಾಯಿಂದ 'ಅಪ್ಪ' ಎಂಬ ಮಾತು ಕೇಳಿ ತಿಂಗಳುಗಳೇ ಆಗಿದ್ದವು.

ಹೋದ ವಾರ ಹೆಂಡತಿ ಫೋನು ಕೆಳಗಿಟ್ಟು ಹೇಳಿದ್ದಳು: "ರೀ, ಅವಳಿಗೆ ನಾಲ್ಕು ಕೆ.ಜಿ. ಗುಂಡು ಬೇಕಂತೆ. ರಜೆಯಲ್ಲಿ ಮನೇಲೇ ಅಭ್ಯಾಸ ಮಾಡ್ತಾಳಂತೆ. ಯಾವುದಾದ್ರೂ ಅಂಗಡೀಲಿ ಸಿಗುತ್ತಾ ನೋಡ್ಬೇಕಂತೆ. ತೂಕ ಮಾತ್ರ ಚೂರೂ ಕಮ್ಮಿ ಇರಬಾರ್ದಂತೆ."

"ನನಗೇ ಹೇಳು ಅಂದ್ಲಾ?"

"ನಿನ್ನ ಯಜಮಾನರಿಗೆ ಅಂದ್ಲು."

ಅಂಗಡಿಯದು ಯಾರಿಗೆ ಬೇಕು? ಮನೆಯಲ್ಲೇ ಸೀಸ ಇತ್ತು, ಕೈಯಲ್ಲಿ ಕಸುಬಿತ್ತು, ತಲೆಯಲ್ಲಿ ಏನಿತ್ತೆಂಬುದನ್ನು ಅವನು ಪರೀಕ್ಷಿಸಲು ಹೋಗಲಿಲ್ಲ.

ಅಚ್ಚು ತಣ್ಣಗಿದ್ದಾಗ ಹೊಯ್ದ ಗುಂಡುಗಳು ಒಣದ್ರಾಕ್ಷಿಯ ಹಾಗೆ ಸುಕ್ಕಾದವು. ಅಚ್ಚು ಬಿಸಿಯೇರಿದ ಮೇಲೆ ಬಿದ್ದವು ನೋಡಿ, ಬೆಳ್ಳಿಯ ಮೊಗ್ಗುಗಳು. ಅಚ್ಚಿನ ಬಾಯಲ್ಲಿ ಉಳಿದು ಅಂಟಿಕೊಂಡ ಒಂದೊಂದರ ಬಾಲವನ್ನೂ ಕತ್ತರಿಸಿ, ಉಜ್ಜಿ, ಕೂಸಿನ ಮುಖ ಒರೆಸುವಂತೆ ಒರೆಸಿಟ್ಟ.

ಹೆಂಡತಿ ಬಂದು ಒಂದನ್ನು ಎತ್ತಿ ನೋಡಿದಳು. "ಇದು ಯಾವ ಬಂದೂಕಿಗೆ ಹೊಂದುತ್ತೆ?"

"ಸಡಿಲ ಆದ್ರೆ ಟೇಪು ಸುತ್ತಿಕೊಂಡ್ರಾಯ್ತು."

"ಬಂದೂಕು ಅಂದ್ರೆ ನಲ್ಲಿ ಅಂದ್ಕೊಂಡ್ರಾ?"

"ಎರಡೂ ಪೈಪೇ ತಾನೇ."

ಅವಳು ಹಣೆ ಒತ್ತಿಕೊಂಡಳು. "ಪಾಪ, ಭುಜ ನೋಯುತ್ತಂತೆ ಅವಳಿಗೆ. ಕುತ್ತಿಗೆ ಹತ್ರ ಕಂದಿಹೋಗಿದೆಯಂತೆ."

"ಬಂದೂಕು ಒದೆಯುತ್ತೆ ಕಣೇ. ಟೀವೀಲಿ ನೋಡಿಲ್ವಾ?"

"ಹತ್ತು ಮೀಟರ್ ದಾಟಿದ್ರೆ ಆಯ್ಕೆ ಆಗ್ತಾಳಂತೆ."

"ಹತ್ತೇನಾ? ನನ್ನ ಮಗಳು ನೂರು ಮೀಟರ್ ಆಚೆ ಕೂತ ನೊಣ ಉರುಳಿಸ್ತಾಳೆ, ನೋಡ್ತಿರು."

ಕೊನೆಯ ಗುಂಡು ಬಿದ್ದಾಗ ದಿನಸಿ ಅಂಗಡಿಗೆ ಚೀಲ ಹೊತ್ತು ಹೋಗಿ ತೂಗಿಸಿದ. ಮುಳ್ಳು ಕೂದಲೆಳೆಯಷ್ಟು ಹಿಂದೆ ನಿಂತಿತು. ಮನೆಗೆ ಓಡಿ ಬಂದು ಇನ್ನೆರಡು ಹೊಯ್ದ. ಮಗಳ ಮದುವೆಯ ಬಂಗಾರವನ್ನೂ ಅವನು ಇಷ್ಟು ಕಾಳಜಿಯಿಂದ ತೂಗಿಸುತ್ತಿದ್ದನೋ ಇಲ್ಲವೋ.

ಮಾರನೆಯ ಮಧ್ಯಾಹ್ನ ಮಗಳು ಬಂದಳು. ಹೆಗಲಲ್ಲಿ ಬಟ್ಟೆಯ ಬ್ಯಾಗು, ಅಷ್ಟೇ.

"ಬಂದೂಕು ಎಲ್ಲಿ?" ತಡೆಯಲಾರದೆ ಕೇಳಿಬಿಟ್ಟ.

ಅವಳು ತಾಯಿಯತ್ತ ತಿರುಗಿದಳು. "ಏನಂತೆ ಇವರದು?"

ಅವನು ಚೀಲವನ್ನು ತಂದು ಅವಳ ಮುಂದಿಟ್ಟ. ಮೈಕು ಹಿಡಿದವನ ಹಾಗೆ ಗಂಟಲು ಸರಿಮಾಡಿಕೊಂಡ. "ನಾಲ್ಕು ಕೆ.ಜಿ. ಒಂದೊಂದೂ ನಾನೇ ಹೊಯ್ದಿದ್ದು. ಬೇಕಾದ್ರೆ ತೂಗಿ ನೋಡು."

ಅವಳು ಚೀಲದೊಳಗೆ ಕೈ ಹಾಕಿದಳು. ಗುಂಡುಗಳು ಬೆರಳ ಸಂದಿಯಿಂದ ಗಲಗಲ ಜಾರಿದವು. ಅಪ್ಪನ ಸುಟ್ಟ ಹುಬ್ಬನ್ನು ನೋಡಿದಳು. ಮತ್ತೆ ಚೀಲ ನೋಡಿದಳು. ತುಟಿ ಅದುರಿತು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

ಅವಳು ಒಂದೇ ಒಂದು ಗುಂಡನ್ನು ಆರಿಸಿ, ಚೀಲವನ್ನೂ ಎತ್ತಿಕೊಂಡು ಹಿತ್ತಲಿಗೆ ಇಳಿದಳು; ಅವನೂ ಹಿಂದೆಯೇ ಬಂದ. ಚೀಲವನ್ನು ಕಾಲ ಬಳಿ ಇಟ್ಟು, ಗುಂಡನ್ನು ಅಂಗೈಯಲ್ಲಿ ಹಿಡಿದು ದವಡೆಯ ಕೆಳಗೆ, ಕುತ್ತಿಗೆಗೆ ಒತ್ತಿ ಹಿಡಿದಳು. ಗೋಡೆಗೆ ಬೆನ್ನು ಮಾಡಿ ಬಲಮೊಣಕಾಲು ಬಗ್ಗಿಸಿದಳು. ಹಿಂದಕ್ಕೆ ಜಿಗಿದು, ಗಿರ್ರನೆ ತಿರುಗಿ, ಭುಜದ ಬಲವನ್ನೆಲ್ಲ ಹಾಕಿ ಕೈ ಚಾಚಿದಳು. ಗುಂಡು ಗೋಡೆ ದಾಟಿ ದರ್ಜಿಯ ಮನೆಯ ತಗಡಿನ ಚಾವಣಿ ಮೇಲೆ ಟಣ್ಣೆಂದಿತು.

"ಅಪ್ಪಾ, ನಾಲ್ಕು ಕೆ.ಜಿ. ಅಂದ್ರೆ ಒಂದೇ ಗುಂಡು. ಹಾರಿಸೋದಲ್ಲ, ಎಸೆಯೋದು."

ಅವನು ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತ. ಕೂತಲ್ಲಿಂದಲೇ ಚೀಲಕ್ಕೆ ಕೈ ಚಾಚಿದ. "ಇಲ್ಲಿ ಕೊಡಮ್ಮಾ. ಎಲ್ಲಾ ಕರಗಿಸಿ ಒಂದೇ ಉಂಡೆ ಮಾಡಿಬಿಡ್ತೀನಿ. ಯಾರಿಗೂ ಹೇಳ್ಬೇಡ."

ಅವಳು ಚೀಲವನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಕೊಡಲ್ಲ. ಇದನ್ನ ಇಡೀ ಟೀಮಿಗೆ ತೋರಿಸ್ಬೇಕು. ನೀನು ಬೇರೆ ಸೀಸ ಹುಡುಕ್ಕೋ."